ಸಗರನಾಡಿನಲ್ಲೊಂದು ಬಾಡಿಗೆ ಮನೆ

ಯಾದಗಿರಿ ನಿಲ್ದಾಣದಲ್ಲಿ ರೈಲಿನಿಂದ ಇಳಿದಾಗ ಇನ್ನೂ ನಸುಕು. ಡಿಸೆಂಬರಿನ ಚಳಿಗೆ ಕಲ್ಲುಬೆಂಚು ಕೊರೆಯುತ್ತಿದೆ. ನಮ್ಮ ಜೊತೆ ಇಳಿದವರು ನಾಲ್ಕಾರು ಮಂದಿ. ಎದುರಿನ ಪ್ಲಾಟ್‌ಫಾರ್ಮಿನಲ್ಲಿ ಮಾತ್ರ ಜನವೋ ಜನ. ಗೋಣಿಚೀಲದಲ್ಲಿ ಜೋಳ, ಪ್ಲಾಸ್ಟಿಕ್ ಕೊಡ, ಸುತ್ತಿ ಕಟ್ಟಿದ ಹಾಸಿಗೆ, ನಿದ್ದೆಗಣ್ಣಿನ ಮಕ್ಕಳು. ಇಡೀ ಕುಟುಂಬಗಳೇ ಬೆಂಗಳೂರಿನ ರೈಲಿಗೆ ಕಾದು ಕೂತಿವೆ. ಗುಳೆ ಹೊರಟವರು. ನಾವು ಬಿಟ್ಟು ಬಂದ ಊರಿನ ಅಪಾರ್ಟ್‌ಮೆಂಟುಗಳನ್ನು ಕಟ್ಟುವ ಕೈಗಳು ಇವು.

ಚಹಾದಂಗಡಿಯ ಬಳಿ ಅವರಲ್ಲೊಬ್ಬರು ಮಾತಿಗೆ ಸಿಗುತ್ತಾರೆ. "ಬೆಂಗ್ಳೂರಿಂದ ಇಲ್ಲಿಗ್ಯಾಕ ಬಂದ್ರಿ ಸರ?" ನಾನೂ ನನ್ನ ಹೆಂಡತಿಯೂ ಇರುವುದಕ್ಕೊಂದು ಊರು ಹುಡುಕಿಕೊಂಡು ಬಂದಿದ್ದೇವೆ ಎನ್ನುತ್ತೇನೆ. ಅವರು ಕಪ್ಪು ಕೆಳಗಿಟ್ಟು ನಮ್ಮಿಬ್ಬರನ್ನೂ ದಿಟ್ಟಿಸುತ್ತಾರೆ. ಆಮೇಲೆ ಹೆಂಡತಿಯ ಕಡೆ ತಿರುಗಿ, "ಕೇಳಿದೇನ, ಇವ್ರು ನಮ್ಮ ಕಡಿ ಇರ್ಲಾಕ ಬಂದಾರಂತ!" ರೈಲಿನ ಸದ್ದು ಕೇಳಿಸುತ್ತಿದ್ದಂತೆ ಚೀಲ ಹೆಗಲಿಗೇರಿಸಿ, ಹೋಗುತ್ತಾ ಹೋಗುತ್ತಾ ಒಂದು ಮಾತು ಹೇಳುತ್ತಾರೆ: "ಮನಿ ಚಂದ ನೋಡಿ ಹಿಡೀಬ್ಯಾಡ್ರಿ. ನೀರ್ ನೋಡಿ ಹಿಡೀರಿ."

ಬೆಂಗಳೂರು ಬಿಡುವುದೆಂದು ನಿಶ್ಚಯಿಸಿ ತಿಂಗಳುಗಳೇ ಆಗಿವೆ. ಇಬ್ಬರ ಕೆಲಸವೂ ಮನೆಯಿಂದಲೇ ನಡೆಯುತ್ತದೆ. ನಡೆದೇ ಸುತ್ತಬಹುದಾದ ಪೇಟೆ, ಹತ್ತಲಿಕ್ಕೊಂದು ಬೆಟ್ಟ, ಮಾತಾಡಿಸುವ ನೆರೆಹೊರೆ ಇವಿಷ್ಟಿದ್ದರೆ ಸಾಕೆಂದು ಹೊರಟಿದ್ದೆವು. ಎಲ್ಲರೂ ಮಲೆನಾಡಿನ ಕಡೆ ಕೈ ತೋರಿಸಿದರು. ನನಗೋ ಕೃಷ್ಣೆ ಮತ್ತು ಭೀಮೆಯ ನಡುವಿನ ಈ ಎರೆ ಸೀಮೆಯ ಮೇಲೆ, ಸಗರನಾಡಿನ ಮೇಲೆ, ಮೊದಲಿನಿಂದಲೂ ಕಣ್ಣು.

ಬಿಸಿಲೇರುವ ಮುನ್ನ ಯಾದಗಿರಿಯ ಕೋಟೆ ಹತ್ತುತ್ತೇವೆ. ಊರಿನ ನಡುವಿನಿಂದಲೇ ಎದ್ದು ನಿಂತಿರುವ ಬಂಡೆಗಲ್ಲಿನ ಬೆಟ್ಟ. ಸುತ್ತು ಸುತ್ತಾಗಿ ಏರುವ ಗೋಡೆ, ದ್ವಾರದ ಮೇಲೆ ದ್ವಾರ, ಬಂಡೆಯ ಮಡಿಲಲ್ಲಿ ಮಳೆನೀರು ಹಿಡಿದಿಟ್ಟ ಹೊಂಡಗಳು. ಊರಿನ ಹೆಸರನ್ನು ಯಾದವರೊಂದಿಗೆ ಜೋಡಿಸಿ ಯಾದವಗಿರಿ ಎನ್ನುವವರು ಈಗಲೂ ಇದ್ದಾರೆ. ಮೇಲಿನಿಂದ ನೋಡಿದರೆ ಕೆಳಗೆ ಮುಂಬೈ–ಚೆನ್ನೈ ರೈಲುಹಳಿ ನೇರ ಗೆರೆ ಎಳೆದಿದೆ. ದೂರದಲ್ಲಿ ಭೀಮೆ ಬೆಳ್ಳಗೆ ಹೊಳೆಯುತ್ತಾಳೆ. ಮಸೀದಿಯ ಕಡೆಯಿಂದ ದಖನಿ ಮಾತು, ಗುಡಿಯ ಕಡೆಯಿಂದ ಗಂಟೆ, ಬಸ್ ನಿಲ್ದಾಣದ ಕಡೆಯಿಂದ ಹಾರ್ನು, ಎಲ್ಲ ಒಟ್ಟಿಗೇ ಮೇಲೇರಿ ಬರುತ್ತವೆ.

2009ರ ಡಿಸೆಂಬರ್ 30ರಂದು ಗುಲ್ಬರ್ಗದಿಂದ ಬೇರ್ಪಟ್ಟು ಯಾದಗಿರಿ ಜಿಲ್ಲಾ ಕೇಂದ್ರವಾಯಿತು. ಅಂದಿನಿಂದ ಊರು ಬೆಳೆಯುತ್ತಲೇ ಇದೆ. ಹೊಸ ಕಚೇರಿ, ಹೊಸ ಬಡಾವಣೆ, ಈಗ ವೈದ್ಯಕೀಯ ಕಾಲೇಜು. ಇಲ್ಲಿಯ ಜನಕ್ಕೆ ಇದೆಲ್ಲ ಬಹಳ ತಡವಾಗಿ ಬಂದ ಭಾಗ್ಯ, ಬೆಳೆಯಲಿ. ಆದರೆ ದೊಡ್ಡದಾಗಲು ಹೊರಟ ಊರಿನ ಧಾವಂತವನ್ನು ಬಿಟ್ಟು ಬಂದವರಿಗೆ ಮತ್ತೆ ಅದೇ ಧಾವಂತ ಬೇಡ. ಯಾದಗಿರಿ ನಮ್ಮ ಊರಲ್ಲ. ನಮ್ಮ ಊರಿನ ರೈಲು ನಿಲ್ದಾಣವಂತೂ ಇದೇ ಆಗಲಿದೆ. ನಾವು ಮುಂದೆ ನೋಡಲಿರುವ ಶಹಾಪುರಕ್ಕಾಗಲಿ ಸುರಪುರಕ್ಕಾಗಲಿ ರೈಲಿಲ್ಲ.

ಜೀಪಿನಲ್ಲಿ ಶಹಾಪುರದ ಕಡೆ ಹೊರಟು ಭೀಮೆ ದಾಟಿದ್ದೇ ನೆಲದ ಬಣ್ಣ ಗಾಢವಾಗುತ್ತದೆ. ಕಾಡಿಗೆ ಕಪ್ಪಿನ ಮಣ್ಣಿನ ಮೇಲೆ ಬಿರಿದ ಹತ್ತಿ, ಅದರಾಚೆ ಕಟಾವಿಗೆ ಬಂದ ತೊಗರಿ, ಕಣದಲ್ಲಿ ಹರವಿದ ಕೆಂಪು ಮೆಣಸಿನಕಾಯಿ. ಕಿಟಕಿಯಿಂದ ನುಗ್ಗುವ ಗಾಳಿಗೆ ಮೆಣಸಿನ ಘಾಟು. ಜೀಪು ನಿಲ್ಲಿಸಿ ಒಂದು ಹೊಲದ ಬದುವಿಗೆ ಇಳಿಯುತ್ತೇವೆ. ಹತ್ತಿ ಬಿಡಿಸುವ ಹೆಂಗಸರು ಸಾಲು ಹಿಡಿದಿದ್ದಾರೆ. ಹತ್ತಿರ ನಿಂತು ನೋಡಿದರೆ ತಿಳಿಯುತ್ತದೆ, ಕಾಯಿ ಒಣಗಿದ ಮೇಲೆ ಅದರ ತೊಗಟೆಯ ತುದಿಗಳು ಮುಳ್ಳಿನಷ್ಟೇ ಚೂಪು. ಐದೂ ಬೆರಳು ಒಳಹೋಗಿ, ತೊಗಟೆ ತಾಗದಂತೆ, ಒಂದೇ ಎಳೆತಕ್ಕೆ ಅರಳೆ ಹೊರಬರಬೇಕು. ಒಣ ಎಲೆಯ ಚೂರೂ ಅಂಟಬಾರದು. ನನ್ನ ಹೆಂಡತಿ ಒಂದು ಕಾಯಿಗೆ ಕೈ ಹಾಕುತ್ತಾಳೆ. ಅವಳ ಬೆರಳನ್ನು ಹಿರಿಯಾಕೆಯೊಬ್ಬರು ಹಿಡಿದು ತಿರುಗಿಸಿ ತೋರಿಸುತ್ತಾರೆ: "ಹಿಂಗಲ್ಲ ಯವ್ವಾ, ಹಿಂಗ."

ಊಟದ ಹೊತ್ತಾಗಿದೆ. ಕೂರದೆ ಹೋಗಲು ಅವರು ಬಿಡುವುದಿಲ್ಲ. ಅರಿವೆಯ ಗಂಟು ಬಿಚ್ಚಿ ಜೋಳದ ರೊಟ್ಟಿ, ಪುಂಡಿ ಪಲ್ಯ, ಶೇಂಗಾ ಹಿಂಡಿ, ಒಂದು ಉಳ್ಳಾಗಡ್ಡಿ ಕೈಗಿಡುತ್ತಾರೆ. ಪುಂಡಿಯ ಹುಳಿ ನಾಲಿಗೆಯ ಬದಿಯಲ್ಲಿ ಚುರುಕಾಗಿ ಏಳುತ್ತದೆ. "ಎಳ್ಳಮಾಸಿಗೆ ಬರ್ರಿ, ಚರಗ ಚೆಲ್ಲತೀವಿ, ಭಜ್ಜಿ, ಸಜ್ಜಿ ರೊಟ್ಟಿ ಎಲ್ಲಾ ಇರ್ತದ," ಎಂದು ಕರೆಯುತ್ತಾರೆ. ಗುರುತಿಲ್ಲದವರನ್ನು ಹಬ್ಬಕ್ಕೆ ಕರೆಯುವ ಊರಿಗೆ ಬಂದಿದ್ದೇವೆ!

ಶಹಾಪುರ ಹತ್ತಿರವಾದಂತೆ ದಿಗಂತದಲ್ಲಿ ಬೆಟ್ಟಗಳು ಕೂಡಿಕೊಳ್ಳುತ್ತವೆ. ಚಾಲಕರು ವೇಗ ತಗ್ಗಿಸಿ, "ಈಗ ನೋಡ್ರಿ," ಎನ್ನುತ್ತಾರೆ. ಹಣೆ, ಮೂಗು, ತುಟಿ, ಗದ್ದ, ಆಮೇಲೆ ಎದೆ, ಚಾಚಿದ ಕಾಲು. ಅಂಗಾತ ಮಲಗಿದ ಬುದ್ಧ! ಒಂದು ಬೆಟ್ಟವಲ್ಲ, ಹಲವು ಬೆಟ್ಟಗಳು ಈ ಒಂದು ಕೋನದಿಂದ ಮಾತ್ರ ಸೇರಿ ಆ ಆಕಾರ ತಾಳುತ್ತವೆ. ಜೀಪು ಮುಂದೆ ಸರಿದಂತೆ ಮೂಗು ಹಣೆಯಿಂದ ಕಳಚಿಕೊಳ್ಳುತ್ತದೆ, ಎದೆ ಬೇರೆ ಗುಡ್ಡವಾಗುತ್ತದೆ, ನೋಡನೋಡುತ್ತ ಬರೀ ಬಂಡೆಗಳು ಉಳಿಯುತ್ತವೆ. ಹಿಂದಕ್ಕೆ ಹೋಗಿ ಮತ್ತೊಮ್ಮೆ ನೋಡುತ್ತೇವೆ. ಭೀಮೆಯ ಆಚೆ ದಂಡೆಯ ಸನ್ನತಿಯಲ್ಲಿ ಬೌದ್ಧ ಸ್ತೂಪವೂ ಅಶೋಕನ ಶಾಸನಗಳೂ ಸಿಕ್ಕಿವೆ. ಆ ಕಾಲದ ಭಿಕ್ಷುಗಳು ಈ ದಾರಿಯಲ್ಲಿ ನಡೆದಿದ್ದರೆ ಈ ಬೆಟ್ಟಸಾಲನ್ನು ಕಂಡು ಏನೆಂದುಕೊಂಡಿರಬಹುದು?

ಊರ ಹೊರಗೆ ವಿಭೂತಿಹಳ್ಳಿಯ ಕಲ್ಲುಗಳಿವೆ. ಬಯಲಿನ ತುಂಬ ದುಂಡನೆಯ ಬಂಡೆಗಳು. ಮೊದಲು ಸುಮ್ಮನೆ ಚೆಲ್ಲಿದಂತೆ ಕಾಣುತ್ತವೆ. ಒಂದರ ಹಿಂದೆ ನಿಂತು ಕಣ್ಣು ಹಾಯಿಸಿದರೆ ಮುಂದಿನದು, ಅದರ ಮುಂದಿನದು, ಸಾಲು ತಪ್ಪದೆ ಹೋಗುತ್ತವೆ. ಕರ್ಣದ ಕಡೆ ತಿರುಗಿದರೂ ಸಾಲು. ಬೃಹತ್ ಶಿಲಾಯುಗದ ಜನ ಇಷ್ಟು ಬಂಡೆಗಳನ್ನು ಹೊತ್ತು ತಂದು ಹೀಗೆ ಅಳತೆಯಿಂದ ಇಟ್ಟಿದ್ದಾರೆ. ಸೂರ್ಯನ ಚಲನೆಗೂ ಇವಕ್ಕೂ ನಂಟಿರಬಹುದೆಂದು ಸಂಶೋಧಕರು ಹೇಳುತ್ತಾರೆ. ಒಂದು ಬಂಡೆಯ ಮೇಲೆ ಅಂಗೈ ಊರುತ್ತೇನೆ. ಮಧ್ಯಾಹ್ನದ ಬಿಸಿ ಅಂಗೈಯಿಂದ ಮೊಣಕೈಗೆ ಹರಿಯುತ್ತದೆ.

ಶಹಾಪುರದ ಪೇಟೆಯಲ್ಲಿ ಸದ್ದು ಹೆಚ್ಚು. ಹತ್ತಿ ಹೇರಿದ ಟ್ರ್ಯಾಕ್ಟರುಗಳು, ಕಾದ ಎಣ್ಣೆಯಲ್ಲಿ ಚುರುಗುಡುವ ಮಿರ್ಚಿ ಭಜಿ, ಮಂಡಾಳಿನ ಸುಸಲಾ ಕಟ್ಟಿಕೊಡುವ ಕಾಗದ. ಊರಿನ ಚರಬಸವೇಶ್ವರರ ಗದ್ದುಗೆಯ ಕಡೆಗೆ ಹೋಗುವ ಬೀದಿಯಲ್ಲಿ ಜನ ಕಟ್ಟೆಯ ಮೇಲೆ ಕೂತು ಹರಟುತ್ತಾರೆ. ಪಕ್ಕದಲ್ಲೇ ಭೀಮರಾಯನಗುಡಿ, ಕೃಷ್ಣಾ ಮೇಲ್ದಂಡೆ ಯೋಜನೆಯ ಕಾಲೊನಿ, ಕೃಷಿ ಕಾಲೇಜು, ಸಾಲು ಮರ. ನಾರಾಯಣಪುರ ಜಲಾಶಯದ ಎಡದಂಡೆ ಕಾಲುವೆ ಈ ಸೀಮೆಯನ್ನೇ ಬದಲಿಸಿತು. ಕಾಲುವೆಯಂಚಿನ ಕ್ಯಾಂಪೊಂದರಲ್ಲಿ ಚಹಾ ಕುಡಿಯುತ್ತೇವೆ. ಆಂಧ್ರದ ಕಡೆಯಿಂದ ಬಂದು ಜಮೀನು ಹಿಡಿದವರ ಊರಿದು. ಎದುರಿಗೆ ಭತ್ತದ ಗದ್ದೆ, ಕೊಕ್ಕರೆಗಳು. ಅಂಗಡಿಯ ಹಿರಿಯರು ತೆಲುಗಿನ ಎಳೆತವಿರುವ ಕನ್ನಡದಲ್ಲಿ ಹೇಳುತ್ತಾರೆ, "ಅಪ್ಪ ನೀರು ನೋಡಿ ಬಂದ. ಆವಾಗ ಇಲ್ಲಿ ಬರೀ ಜಾಲಿ. ಈಗ ನಾನು ಇಲ್ಲಿಯವನೇ." ನಿಲ್ದಾಣದಲ್ಲಿ ಕೇಳಿದ ಮಾತೇ ಇವರ ಬಾಯಲ್ಲೂ ಬಂತು.

ಶಹಾಪುರದಲ್ಲಿ ಎರಡು ಮನೆ ನೋಡುತ್ತೇವೆ. ಅನುಕೂಲ ಎಲ್ಲವೂ ಇದೆ. ನನ್ನ ಹೆಂಡತಿ ಬುದ್ಧನ ಬೆಟ್ಟ ಕಾಣುವ ಮಾಳಿಗೆಯ ಮೇಲೆ ತುಂಬಾ ಹೊತ್ತು ನಿಲ್ಲುತ್ತಾಳೆ. ಅವಳಿಗೆ ಇಲ್ಲೇ ಮನಸ್ಸು. "ಸುರಪುರವನ್ನೂ ನೋಡಿಬಿಡೋಣ," ಎನ್ನುವುದು ನನ್ನ ಹಟ.

ಸುರಪುರದ ದಾರಿಯಲ್ಲಿ ಗುಡ್ಡಗಳು ರಸ್ತೆಗೇ ಬರುತ್ತವೆ. ಒಂದರ ಮೇಲೊಂದು ಕೂತ ಗುಂಡುಗಳು, ನಡುವೆ ಸೀತಾಫಲದ ಪೊದೆ. ತಿರುವಿನಲ್ಲಿ ಥಟ್ಟನೆ ಊರು ತೆರೆದುಕೊಳ್ಳುತ್ತದೆ. ಊರು ಬೆಟ್ಟದ ಬುಡದಲ್ಲಿಲ್ಲ, ಬೆಟ್ಟಗಳ ತೋಳಿನೊಳಗೇ ಇದೆ. ಓಣಿಗಳು ಏರುತ್ತವೆ, ಇಳಿಯುತ್ತವೆ, ಮೆಟ್ಟಿಲಾಗುತ್ತವೆ. ಕಲ್ಲಿನ ಗೋಡೆಗಳಿಗೆ ಬಳಿದ ಸುಣ್ಣ, ನೀಲಿ ಬಾಗಿಲು, ಮೇಲೆ ಬಂಡೆ, ಅದರ ಮೇಲೆ ಕೂತ ಮೇಕೆ.

ಈ ಜಾಗ ಆರಿಸಿದವರು ಕಾರಣವಿಲ್ಲದೆ ಆರಿಸಲಿಲ್ಲ. ಇಲ್ಲಿಂದ ಅಷ್ಟೇನೂ ದೂರವಿಲ್ಲದ ವಾಗಿನಗೇರಿಯಲ್ಲಿ 1705ರಲ್ಲಿ ಔರಂಗಜೇಬ ತಾನೇ ದಂಡು ಕಟ್ಟಿಕೊಂಡು ಬಂದು ಬೇಡ ನಾಯಕರ ಕೋಟೆಗೆ ಮುತ್ತಿಗೆ ಹಾಕಿದ. ಅವನ ಕೊನೆಯ ಮುತ್ತಿಗೆ ಅದು. ಮುದಿ ಬಾದಶಹನಿಗೆ ಖಾಲಿ ಕೋಟೆ ಸಿಕ್ಕಿತು. ಕೋಟೆಯೊಡೆಯ ಪಿಡ್ಡನಾಯಕ ತನ್ನವರೊಂದಿಗೆ ತಪ್ಪಿಸಿಕೊಂಡಿದ್ದ. ಮುಂದೆ ಸುರಪುರ ನಾಯಕರ ರಾಜಧಾನಿಯಾಗಿ ಬೆಳೆಯಿತು.

ಸಂಜೆಯ ಬಿಸಿಲಲ್ಲಿ ಟೇಲರ್ ಮಂಜಿಲ್‌ಗೆ ಹತ್ತುತ್ತೇವೆ. 1841ರಲ್ಲಿ ಇಲ್ಲಿಗೆ ಬಂದ ಇಂಗ್ಲಿಷ್ ಅಧಿಕಾರಿ ಫಿಲಿಪ್ ಮೆಡೋಸ್ ಟೇಲರ್ ತನಗೆ ಮನೆ ಕಟ್ಟಿಸಿಕೊಂಡದ್ದು ಗುಡ್ಡದ ನೆತ್ತಿಯ ಮೇಲೆ, ಗಾಳಿಗೆ ಮೈಯೊಡ್ಡಿ. ಎಳೆಯ ದೊರೆ ವೆಂಕಟಪ್ಪ ನಾಯಕ ಅವನ ಕಣ್ಣೆದುರೇ ಬೆಳೆದ, ಅವನನ್ನು ಅಪ್ಪಾ ಎಂದೇ ಕರೆದ. ಟೇಲರ್ 1853ರಲ್ಲಿ ಊರು ಬಿಟ್ಟ. 1858ರ ಫೆಬ್ರವರಿಯಲ್ಲಿ ಅದೇ ವೆಂಕಟಪ್ಪ ನಾಯಕ ಇಂಗ್ಲಿಷರ ವಿರುದ್ಧ ಎದ್ದು ನಿಂತ. ಸೆರೆಸಿಕ್ಕ ದೊರೆಯನ್ನು ಟೇಲರ್ ಜೈಲಿಗೆ ಹೋಗಿ ಕಂಡ. ಶಿಕ್ಷೆಗೆ ಕರೆದೊಯ್ಯುವ ದಾರಿಯಲ್ಲಿ, ಅದೇ ವರ್ಷ, ಗುಂಡು ತಗುಲಿ ದೊರೆ ತೀರಿಕೊಂಡ, ಇನ್ನೂ ಹರೆಯ. ಟೇಲರ್ ತನ್ನ ಆತ್ಮಕಥೆಯಲ್ಲಿ ಈ ನೋವನ್ನು ಬರೆದಿಟ್ಟಿದ್ದಾನೆ. ಅದನ್ನು ಓದಿದಂದಿನಿಂದ ಈ ಗುಡ್ಡದ ಮೇಲೆ ನಿಲ್ಲಬೇಕೆಂಬ ಆಸೆ ನನ್ನಲ್ಲಿತ್ತು. ಇಲ್ಲಿಂದ ಇಡೀ ಊರು, ಅರಮನೆ, ವೇಣುಗೋಪಾಲಸ್ವಾಮಿ ಗುಡಿಯ ಗೋಪುರ ಎಲ್ಲ ಕಾಣುತ್ತವೆ. ಕೃಷ್ಣ ಜನ್ಮಾಷ್ಟಮಿಯ ಹೊತ್ತಿನ ಜಾತ್ರೆಯಲ್ಲಿ ಹುಡುಗರು ಜಾರುವ ಕಂಬ ಏರುವುದು ಆ ಗುಡಿಯ ಮುಂದೆಯೇ.

ಮಾರನೆಯ ದಿನ ಹುಣಸಗಿಯ ಕಡೆಗೆ. ದೇವರ ದಾಸಿಮಯ್ಯ ಮಗ್ಗ ನೆಯ್ದ ಮುದನೂರು ಈ ಸೀಮೆಯದೇ. ಅದಕ್ಕೆ ಇನ್ನೊಂದು ದಿನ ಬರಬೇಕು. ನಾನು ನೋಡಬೇಕಿದ್ದುದು ಇಸಾಂಪುರ. ಹೊಲದ ನಡುವೆ ಸುಣ್ಣಕಲ್ಲಿನ ಹಾಸು, ಸುತ್ತ ತೊಗರಿ; ಹೊರನೋಟಕ್ಕೆ ಇಷ್ಟೇ. ಪುರಾತತ್ವಜ್ಞ ಕೆ. ಪದ್ದಯ್ಯ ಮತ್ತವರ ಸಂಗಡಿಗರು 1990ರ ದಶಕದ ಕೊನೆಯಲ್ಲಿ ಇಲ್ಲಿ ಅಗೆದಾಗ ಕಲ್ಲಿನ ಕೈಗೊಡಲಿಗಳನ್ನು ಮಾಡುತ್ತಿದ್ದ ಜಾಗವೇ ಸಿಕ್ಕಿತು. ದೊಡ್ಡ ಚಪ್ಪಡಿ, ಅದರಿಂದ ಸಿಡಿಸಿದ ಚಕ್ಕೆಗಳು, ಬಡಿಯುವ ಗುಂಡುಕಲ್ಲುಗಳು ಇದ್ದಲ್ಲೇ ಇದ್ದವು. ಕಾಲ ಸುಮಾರು 12 ಲಕ್ಷ ವರ್ಷ ಹಿಂದೆ! ಆ ಆದಿಮಾನವರು ಈ ಕಣಿವೆಯನ್ನೇ ಏಕೆ ಹಿಡಿದರು ಎಂಬುದಕ್ಕೂ ಸಂಶೋಧಕರು ಉತ್ತರ ಕೊಟ್ಟಿದ್ದಾರೆ: ಕೈಗೆಟಕುವ ಒಳ್ಳೆಯ ಕಲ್ಲು, ಮತ್ತು ಬೇಸಿಗೆಯಲ್ಲೂ ಬತ್ತದ ಒರತೆಗಳು. ಇದೇ ಸೀಮೆಯ ಬೂದಿಹಾಳದಲ್ಲಿ ಸುಮಾರು 4,000 ವರ್ಷ ಹಿಂದಿನ ದನಗಾಹಿಗಳು ಸಗಣಿ ಸುಟ್ಟು ಬಿಟ್ಟುಹೋದ ಬೂದಿದಿಬ್ಬವಿದೆ. ಅವರೂ ದನಕ್ಕೆ ಮೇವು, ನೀರು ನೋಡಿಯೇ ಕೊಟ್ಟಿಗೆ ಹಾಕಿದವರು. ಈ ನೆಲದಲ್ಲಿ ನಿಂತಾಗ ನಮ್ಮ ಹುಡುಕಾಟಕ್ಕೆ ಎಷ್ಟೊಂದು ಹಿರಿಯರಿದ್ದಾರೆ ಎನಿಸಿ ರೋಮಾಂಚನವಾಗುತ್ತದೆ. ಸಾಲಿನ ತುದಿಯಲ್ಲಿ ನಾವಿಬ್ಬರು.

ಮರಳುವಾಗ ಬೋನಾಳ ಕೆರೆ. ಪಕ್ಷಿಧಾಮದ ಏರಿಯ ಮೇಲೆ ನಿಂತರೆ ನೀರಿನ ಮೇಲೆ ಸಾವಿರ ದನಿ. ಜೊಂಡಿನೊಳಗಿಂದ ನೇರಳೆ ಜಂಬುಕೋಳಿಗಳು ಕೆಂಪು ಕಾಲೆತ್ತಿ ಹೆಜ್ಜೆಯಿಡುತ್ತವೆ. ನನ್ನ ಹೆಂಡತಿ ದುರ್ಬೀನು ಕೆಳಗಿಳಿಸದೆ ಹೇಳುತ್ತಾಳೆ, "ಸರಿ, ಸುರಪುರ."

ಸುರಪುರದ ಪೇಟೆಯ ಮೇಲಿನ ಓಣಿಯಲ್ಲಿ ಹಿಂದಿನ ದಿನ ತೋರಿಸಿದ್ದ ಮನೆಗೆ ಮತ್ತೆ ಹೋಗುತ್ತೇವೆ. ಫರಸಿ ಹಾಸಿದ ಪಡಸಾಲೆ, ತಲೆ ಬಗ್ಗಿಸಿ ದಾಟಬೇಕಾದ ಬಾಗಿಲು, ಜಂತಿಯ ನಡುವಿನ ಗವಾಕ್ಷಿಯಿಂದ ಇಳಿಯುವ ಬೆಳಕಿನ ಕೋಲು. ಒಳಗೋಡೆಯಲ್ಲಿ ಒಂದು ಹಳೆಯ ಚಿತ್ರ, ಕೃಷ್ಣ, ಅಂಚಿಗೆ ಚಿನ್ನದ ರೇಕು. ಸುರಪುರದ ಗರುಡಾದ್ರಿ ಮನೆತನದ ಕಲಾವಿದರ ಶೈಲಿ ಇದು. ಮನೆಯೊಡತಿ ಅಮ್ಮನವರು ತಂಬಿಗೆಯಲ್ಲಿ ನೀರು ಕೊಟ್ಟು, "ಕುಂದರ್ರಿ," ಎನ್ನುತ್ತಾರೆ. ಮಗ, ಸೊಸೆ ಬೆಂಗಳೂರಿನಲ್ಲಿ. ಈ ಭಾಗ ಖಾಲಿ ಬಿದ್ದು ಬಹಳ ದಿನವಾಗಿದೆ.

"ಅಮ್ಮಾ, ನಳ ಎಷ್ಟು ದಿನಕ್ಕೊಮ್ಮೆ ಬರುತ್ತೆ?"

"ಮಳಿ ಚಲೋ ಆದ್ರ ಎರಡ್ ಮೂರ್ ದಿನಕ್ಕೊಮ್ಮಿ. ಬ್ಯಾಸಗ್ಯಾಗ ವಾರ ಆಗ್ತದ. ಹಿತ್ತಲದಾಗ ಬಾವಿ ಅದ, ಬತ್ತಿಲ್ಲ ಎಂದೂ."

ಬಾವಿಗೆ ಹೋಗಿ ಬಗ್ಗಿ ನೋಡುತ್ತೇವೆ. ಬಂಡೆ ಕೊರೆದು ತೋಡಿದ ಬಾವಿ, ಕೈಯಳತೆಯಲ್ಲೇ ನೀರು. ಹಗ್ಗ ಉಜ್ಜಿ ಉಜ್ಜಿ ದಂಡೆಯ ಕಲ್ಲಿನಲ್ಲಿ ಬೆರಳು ಹಿಡಿಸುವಷ್ಟು ಗೆರೆಗಳು ಬಿದ್ದಿವೆ. ಮುಂಗಡದ ಮಾತಾಡಿದರೆ ಅಮ್ಮನವರಿಗೆ ಬೇರೆಯದೇ ಚಿಂತೆ. ಇಲ್ಲಿ ಬಿಸಿಲು 42 ಡಿಗ್ರಿ ಮುಟ್ಟುವುದು ವಿಶೇಷವೇನಲ್ಲ. "ಯುಗಾದಿಗಿಂತ ಮೊದ್ಲೇ ಬರ್ರಿ, ಒಮ್ಮೆಗೇ ಬ್ಯಾಸಗ್ಯಾಗ ಬಂದ್ರ ತಾಳಾಂಗಿಲ್ಲ. ಮೈ ಒಗ್ಗಬೇಕು."

ಲಾರಿ ಈ ಓಣಿಗೆ ಹತ್ತುವುದಿಲ್ಲ. ಸಾಮಾನು ಕೆಳಗಿನ ರಸ್ತೆಯಲ್ಲೇ ಇಳಿಸಿ ತಲೆಯ ಮೇಲೆ ತರಿಸಬೇಕು. ನನ್ನ ಹೆಂಡತಿ ಸೆರಗನ್ನು ಚಾಚಿ ಬಾಗಿಲಿನ ಅಗಲ ಅಳೆಯುತ್ತಾಳೆ. ಪುಸ್ತಕದ ಕಪಾಟು ಹಿಡಿಯುವುದಿಲ್ಲ. ಎದುರು ಕಟ್ಟೆಯ ಮೇಲಿಂದ ಎಲ್ಲ ನೋಡುತ್ತಿದ್ದ ಬಡಿಗೇರರು ಎದ್ದು ಬಂದು ತಾವೂ ಗೇಣು ಹಾಕುತ್ತಾರೆ. "ಬಿಚ್ಚಿ ತರ್ರಿ ಸರ, ಇಲ್ಲೇ ಕೂಡಸ್ತೀನಿ," ಎನ್ನುತ್ತಾರೆ.