ಆರು ಬಾನಿ ದ್ರಾಕ್ಷಾರಸ

ಯೋಹಾನನ ಸುವಾರ್ತೆಯ ಎರಡನೆಯ ಅಧ್ಯಾಯವನ್ನು ಭಕ್ತರು ಓದುವ ರೀತಿ ಒಂದು, ಮದುವೆಮನೆಯ ಅಡುಗೆಯವರು ಓದುವ ರೀತಿ ಇನ್ನೊಂದು. ಭಕ್ತರಿಗೆ ಅಲ್ಲಿ ಯೇಸುವಿನ ಮೊದಲ ಪವಾಡ ಕಾಣುತ್ತದೆ. ಅಡುಗೆಯವರಿಗೆ ಅಳತೆ ಕಾಣುತ್ತದೆ. ಗಲಿಲಾಯದ ಕಾನಾ ಎಂಬ ಊರಲ್ಲಿ ಮದುವೆ. ನಡುವಿನಲ್ಲೇ ದ್ರಾಕ್ಷಾರಸ ಮುಗಿದುಹೋಯಿತು. ತಾಯಿ ಮರಿಯಮ್ಮ ಮಗನ ಕಿವಿಗೆ ಸುದ್ದಿ ಹಾಕಿದಳು. ಮಡಿಯ ನೀರಿಗೆಂದು ಇಟ್ಟಿದ್ದ ಆರು ಕಲ್ಲಿನ ಬಾನಿಗಳಿದ್ದವು. ಅವನ್ನು ಕಂಠಮಟ್ಟ ತುಂಬಿಸಿ ಎಂದ ಯೇಸು. ತುಂಬಿದ ನೀರು ದ್ರಾಕ್ಷಾರಸವಾಯಿತು. ಈಗಿನ ಲೆಕ್ಕದಲ್ಲಿ ಒಂದು ಬಾನಿಗೆ 80ರಿಂದ 120 ಲೀಟರ್. ಆರಕ್ಕೂ ಕೂಡಿಸಿ ನೋಡಿ: 500ರ ಆಸುಪಾಸಿನಿಂದ 700 ಲೀಟರಿನವರೆಗೆ ಹೋಗುತ್ತದೆ. ಅದೂ ಇದ್ದದ್ದನ್ನೆಲ್ಲ ಕುಡಿದು ಮುಗಿಸಿದ ಮೇಲೆ!

ಆ ಕಥೆಯಲ್ಲಿ ನನಗೆ ಬಹಳ ಇಷ್ಟವಾದವನು ಔತಣದ ಯಜಮಾನ. ಪವಾಡದ ಸುಳಿವೇ ಅವನಿಗಿಲ್ಲ. ರುಚಿ ನೋಡಿದವನೇ ಮದುಮಗನನ್ನು ಕರೆದು, ಎಲ್ಲರೂ ಒಳ್ಳೆಯದನ್ನು ಮೊದಲು ಬಡಿಸಿ, ಜನಕ್ಕೆ ಏರಿದ ಮೇಲೆ ಕಳಪೆಯದನ್ನು ತರುತ್ತಾರೆ, ನೀನೇನು ಒಳ್ಳೆಯದನ್ನು ಕೊನೆಗೆ ಇಟ್ಟುಕೊಂಡೆ ಎಂದು ಕೇಳುತ್ತಾನೆ. ಮೊದಲ ಪಂಕ್ತಿಗೆ ಘಮಘಮಿಸುವ ತುಪ್ಪ, ಕೊನೆಯ ಪಂಕ್ತಿಗೆ ನೀರುಸಾರು ಬೀಳುವ ನಮ್ಮ ಮದುವೆಗಳನ್ನು ಕಂಡವರಿಗೆ ಈ ಯಜಮಾನನ ಅನುಭವ ಎಂಥದೆಂದು ಬಿಡಿಸಿ ಹೇಳಬೇಕಾಗಿಲ್ಲ.

ಹತ್ತೊಂಬತ್ತನೆಯ ಶತಮಾನದಲ್ಲಿ ಇಂಗ್ಲೆಂಡ್, ಅಮೆರಿಕಗಳ ಕೆಲವು ಬೋಧಕರಿಗೆ ಈ ಬಾನಿಗಳು ತೀರದ ತಲೆನೋವಾದವು. ಕುಡಿತವೇ ಪಾಪ ಎಂದು ವಾರವಾರ ಸಾರುವವರು ಈ 500 ಲೀಟರನ್ನು ಎಲ್ಲಿ ಬಚ್ಚಿಡಬೇಕು? ಅದು ಬರೀ ಹಣ್ಣಿನ ರಸ, ಹುಳಿಬಂದದ್ದಲ್ಲ ಎಂದು ಅವರು ವಾದ ಹೂಡಿದರು. ಆ ವಾದ ನನಗೆ ಒಪ್ಪಿಗೆಯಿಲ್ಲ. ರಸವೇ ಆಗಿದ್ದರೆ ಯಜಮಾನನ ಮಾತಿನ ಸ್ವಾರಸ್ಯ ಹಾರಿಹೋಗುತ್ತದೆ. ಹಣ್ಣಿನ ರಸ ಕುಡಿದವರಿಗೆ ಒಳ್ಳೆಯದು ಕಳಪೆಯದು ತಿಳಿಯದಷ್ಟು ಏರುವುದುಂಟೆ? ದ್ರಾಕ್ಷಿಯ ಸಿಪ್ಪೆಯ ಮೇಲೆಯೇ ಹುದುಗುಜೀವಿಗಳಿರುತ್ತವೆ. ಪಲೆಸ್ತೀನದ ಬಿಸಿಲಿನಲ್ಲಿ ಹಿಂಡಿಟ್ಟ ರಸ ಒಂದೆರಡು ದಿನದಲ್ಲೇ ನೊರೆಯೇಳುತ್ತದೆ. ಸುಗ್ಗಿ ಕಳೆದು ತಿಂಗಳುಗಟ್ಟಲೆ ರಸವನ್ನು ರಸವಾಗಿಯೇ ಇಡುವ ಸುಲಭದ ದಾರಿ ಆ ಕಾಲದ ಮನೆಗಳಿಗೆ ಇರಲಿಲ್ಲ.

ಹಾಗೆಂದು ಬೈಬಲ್ಲು ಕುಡುಕರ ಪಕ್ಷವೇನಲ್ಲ. ಮೊದಲ ದ್ರಾಕ್ಷಿ ತೋಟ ಹಾಕಿದ ನೋಹನೇ ಕುಡಿದು ಮೈಮೇಲೆ ಬಟ್ಟೆಯಿಲ್ಲದೆ ಬಿದ್ದುಕೊಂಡ ಕಥೆ ಆದಿಕಾಂಡದಲ್ಲಿದೆ. 104ನೆಯ ಕೀರ್ತನೆ ಮನುಷ್ಯನ ಹೃದಯಕ್ಕೆ ಆನಂದ ತರುವ ದ್ರಾಕ್ಷಾರಸಕ್ಕಾಗಿ ದೇವರನ್ನು ಕೊಂಡಾಡಿದರೆ, ಜ್ಞಾನೋಕ್ತಿಗಳು ಅದರ ಕೆಂಪುಬಣ್ಣವನ್ನು ಕಣ್ಣೆತ್ತಿಯೂ ನೋಡಬೇಡ ಎನ್ನುತ್ತವೆ. ದೇವರಿಗೆ ಮೀಸಲಾಗುವ ನಾಜೀರ ವ್ರತ ಹಿಡಿದವರಂತೂ ಒಣದ್ರಾಕ್ಷಿಯನ್ನೂ ಮುಟ್ಟುವಂತಿಲ್ಲ. ಪೌಲನು ಶಿಷ್ಯ ತಿಮೊಥೆಯನಿಗೆ ಬರೀ ನೀರು ಕುಡಿಯುವುದನ್ನು ಬಿಟ್ಟು ಹೊಟ್ಟೆಯ ಸಲುವಾಗಿ ಸ್ವಲ್ಪ ದ್ರಾಕ್ಷಾರಸ ತೆಗೆದುಕೋ ಎಂದು ಬರೆದ. ಈ ಒಂದು ಸಾಲನ್ನು ಹಿಡಿದು ಎರಡು ಸಾವಿರ ವರ್ಷಗಳಿಂದ ಎಷ್ಟು ಜನಕ್ಕೆ ಹೊಟ್ಟೆನೋವು ಬಂದಿದೆಯೋ ದೇವರೇ ಬಲ್ಲ. ಪಂಚಾಶತ್ತಮ ಹಬ್ಬದ ದಿನ ಶಿಷ್ಯರು ಪವಿತ್ರಾತ್ಮದಿಂದ ತುಂಬಿ ನಾನಾ ಭಾಷೆಗಳಲ್ಲಿ ಮಾತಾಡತೊಡಗಿದಾಗ, ಇವರು ಕುಡಿದಿದ್ದಾರೆ ಎಂದು ಜನ ನಕ್ಕರು. ಪೇತ್ರ ಎದ್ದುನಿಂತು ಸಮಜಾಯಿಷಿ ಕೊಟ್ಟ. ನಾವು ಕುಡಿಯುವವರೇ ಅಲ್ಲ ಎನ್ನಲಿಲ್ಲ ಅವನು. ಈಗಿನ್ನೂ ಬೆಳಗಿನ ಒಂಬತ್ತು ಗಂಟೆಯಲ್ಲವೇ ಎಂದ!

ನಾನು ಬೆಳೆದದ್ದು ಮಂಗಳೂರಿನಲ್ಲಿ. ಅಲ್ಲಿ ಈ ವಾದದ ಎರಡು ಪಕ್ಷಗಳೂ ನಡೆದುಹೋಗುವಷ್ಟು ದೂರದಲ್ಲಿದ್ದವು. ಒಂದು ಕಡೆ ಕೊಂಕಣಿ ಮಾತಾಡುವ ಕಥೋಲಿಕರು, ತುಳುವರ ಬಾಯಲ್ಲಿ ಪೊರ್ಬುಗಳು. ಇನ್ನೊಂದು ಕಡೆ ಬಲ್ಮಠದ ಬಾಸೆಲ್ ಮಿಶನ್ ಪರಂಪರೆಯ ಪ್ರಾಟೆಸ್ಟೆಂಟರು. ನಮ್ಮ ಪಕ್ಕದ ಮನೆಯ ಬಾಯಮ್ಮ ಮೊದಲ ಪಕ್ಷದವರು. ನವೆಂಬರ್ ಬಂತೆಂದರೆ ಅವರ ಅಡುಗೆಮನೆಯ ಮೂಲೆಯಲ್ಲಿ ಪಿಂಗಾಣಿ ಜಾಡಿ ಕೂರುತ್ತಿತ್ತು. ಬೀಜದ ಕಪ್ಪು ದ್ರಾಕ್ಷಿ, ಸಕ್ಕರೆ, ಒಂದು ಹಿಡಿ ಗೋಧಿ, ಚೂರು ಯೀಸ್ಟ್, ದಾಲ್ಚಿನ್ನಿ, ಲವಂಗ. ಬಾಯಿಗೆ ಬಟ್ಟೆ ಕಟ್ಟಿ 21 ದಿನ, ದಿನಾ ಒಮ್ಮೆ ಮರದ ಸೌಟಿನಿಂದ ತಿರುವುವುದು. ಆ ತಿರುವುವ ಹೊತ್ತಿಗೆ ಏಳುವ ಪರಿಮಳ ಇದೆಯಲ್ಲ, ಹುಳಿ, ಸಿಹಿ, ಸ್ವಲ್ಪ ಕೊಳೆತ ಹಣ್ಣು, ಸ್ವಲ್ಪ ಮದುವೆಮನೆ, ಅದು ಕಂಪೌಂಡು ಗೋಡೆ ದಾಟಿ ನಮ್ಮ ತುಳಸಿಕಟ್ಟೆಯವರೆಗೂ ಬರುತ್ತಿತ್ತು. ಕ್ರಿಸ್ಮಸ್ಸಿಗೆ ಕುಸ್ವಾರ್ ಎಂಬ ಹಬ್ಬದ ತಿಂಡಿಗಳ ತಟ್ಟೆಯಲ್ಲಿ ಕಿಡಿಯೊ, ಗುಳಿಯೊ, ನೆವ್ರಿಗಳ ಜೊತೆ ನಮಗೂ ಒಂದು ಪುಟ್ಟ ಬಾಟಲಿ ಬರುತ್ತಿತ್ತು. ನಮ್ಮಮ್ಮ ತಿಂಡಿಗಳನ್ನು ದೇವರ ಮನೆಯಿಂದ ದೂರ ಇಡುತ್ತಿದ್ದರು; ಬಾಟಲಿಯನ್ನು ಅಪ್ಪ ತಮ್ಮ ಔಷಧದ ಕಪಾಟಿನಲ್ಲಿಟ್ಟು ಬೀಗ ಹಾಕುತ್ತಿದ್ದರು. ತಿಮೊಥೆಯನ ಹೆಸರು ಕೇಳದೆಯೇ ಅವನ ದಾರಿ ಹಿಡಿದವರು.

ಬಾಯಮ್ಮನ ಊಟಕ್ಕೆ ತಪ್ಪದೆ ಬರುತ್ತಿದ್ದ ಇನ್ನೊಬ್ಬರು ಬಲ್ಮಠದ ಕಡೆಯ ಮಾಸ್ಟ್ರು. ಅವರು ವೈನಿನ ಗ್ಲಾಸನ್ನು ಬೆರಳಲ್ಲೂ ಮುಟ್ಟುತ್ತಿರಲಿಲ್ಲ. ಹಂದಿಮಾಂಸದ ಬಫಾತಿಗೆ ಹಬೆಯಲ್ಲಿ ಬೆಂದ ಸಾನ್ನಾಗಳನ್ನು ಮಾತ್ರ ಲೆಕ್ಕವಿಲ್ಲದೆ ತಿನ್ನುತ್ತಿದ್ದರು. ಸಾನ್ನಾ ಉಬ್ಬುವುದು ಶೇಂದಿಯಿಂದ.

“ಮಾಸ್ಟ್ರೇ, ಅದ್ರಲ್ಲಿ ಶೇಂದಿ ಉಂಟಲ್ಲ?” ಎಂದು ಬಾಯಮ್ಮ ಕೆಣಕುವರು.

“ಹಬೆಯಲ್ಲಿ ಎಲ್ಲ ಹೋಗಿರ್ತದೆ ಬಾಯಮ್ಮ. ಇನ್ನೆರಡು ಹಾಕಿ.”

ಮಾಸ್ಟ್ರ ಈ ಬಿಗಿಯ ಹಿಂದೆ ದೊಡ್ಡ ಚರಿತ್ರೆಯೇ ಇದೆ. ಬಾಸೆಲ್ ಮಿಶನ್ನಿನವರು ಮಂಗಳೂರಿಗೆ ಬಂದದ್ದು 1834ರಲ್ಲಿ. ಅವರ ಮಾತು ಕೇಳಿ ಕ್ರೈಸ್ತರಾದವರಲ್ಲಿ ಬಿಲ್ಲವರು ಅನೇಕರು. ತೆಂಗು, ತಾಳೆ ಮರವೇರಿ ಶೇಂದಿ ಇಳಿಸುವ ಮೂರ್ತೆಗಾರಿಕೆ ಅವರಲ್ಲಿ ಬಹಳ ಮಂದಿಯ ಕಸುಬು. ಶೇಂದಿ ಇಳಿಸುವುದು ಕ್ರೈಸ್ತನಿಗೆ ತಕ್ಕ ಕೆಲಸವಲ್ಲ ಎಂಬುದು ಮಿಶನರಿಗಳ ನಿಲುವು. ಹೊಸ ಮತ ಸಿಕ್ಕಿತು, ಹೊಟ್ಟೆಪಾಡು ಹೋಯಿತು. ಜಾತಿಯವರ ನಂಟೂ ಕಡಿದ ಈ ಜನರಿಗೆ ಕೆಲಸ ಕೊಡಬೇಕಾಗಿ ಬಂದದ್ದರಿಂದಲೇ ಮಿಶನ್ನು ನೇಯ್ಗೆಗೆ ಕೈಹಾಕಿತು. 1865ರಲ್ಲಿ ಪ್ಲೆಬ್ಸ್ಟ್ ಎಂಬಾತ ಜೆಪ್ಪುವಿನಲ್ಲಿ ಹಂಚಿನ ಕಾರ್ಖಾನೆ ತೆರೆದ. ದೇಶವಿಡೀ ಹೆಸರಾದ ಮಂಗಳೂರು ಹಂಚಿನ ಬೇರಿನಲ್ಲಿ, ಹೀಗೆ, ಕುಡಿತದ ಬಗೆಗಿನ ಒಂದು ಧಾರ್ಮಿಕ ಅಸಮ್ಮತಿಯ ಪಾಲೂ ಇದೆ. ಆ ಹಂಚಿನ ಕೆಳಗೆ ಕೂತು ಬಾಯಮ್ಮ ವೈನ್ ಹಾಕುತ್ತಿದ್ದರು ಎಂಬುದನ್ನು ನೆನೆದರೆ ನನಗೆ ಈಗಲೂ ನಗು.

ಕಥೋಲಿಕರಿಗೆ ಕುಡಿತದ ವಿಷಯದಲ್ಲಿ ಇಷ್ಟು ಸಲೀಸು ಯಾಕೆ? ಅವರ ಬಲಿಪೂಜೆ ದ್ರಾಕ್ಷಾರಸವಿಲ್ಲದೆ ನಡೆಯುವುದಿಲ್ಲ, ಕಾರಣ ಅಷ್ಟೇ. ಅದು ದ್ರಾಕ್ಷಿಯದೇ ಆಗಿರಬೇಕು, ಸಹಜವಾಗಿರಬೇಕು, ಕೆಟ್ಟಿರಬಾರದು ಎಂದು ಧರ್ಮಸಭೆಯ ಕಾನೂನು ಹೇಳುತ್ತದೆ. (ಗೋಧಿ, ಲವಂಗ ಬಿದ್ದ ಬಾಯಮ್ಮನ ವೈನ್ ಅಲ್ಲಿ ನಡೆಯದು.) ದ್ರಾಕ್ಷಿ ಬೆಳೆಯದ ನಾಡಿನಲ್ಲಿ ಏನು ಗತಿ? 1501ರಲ್ಲಿ ಪೋರ್ಚುಗೀಸರ ಹಡಗೇರಿ ಲಿಸ್ಬನ್ನಿಗೆ ಹೋದ ಕೊಡಂಗಲ್ಲೂರಿನ ಜೋಸೆಫ್ ಎಂಬ ಪಾದ್ರಿ, ತಮ್ಮಲ್ಲಿ ಒಣದ್ರಾಕ್ಷಿಯಿಂದ ರಸ ತೆಗೆಯುತ್ತೇವೆ ಎಂದು ಅಲ್ಲಿನವರಿಗೆ ಹೇಳಿದ. ಇಥಿಯೋಪಿಯದ ಚರ್ಚು ಇಂದಿಗೂ ಒಣದ್ರಾಕ್ಷಿಯನ್ನೇ ನೆನೆಹಾಕುತ್ತದೆ. ಸ್ಪೇನಿನ ಪಾದ್ರಿಗಳು ಹೋದ ಹೋದ ಕಡೆ ಶಿಲುಬೆಯ ಜೊತೆ ದ್ರಾಕ್ಷಿಬಳ್ಳಿಯನ್ನೂ ನೆಟ್ಟರು. ಪೆರು, ಚಿಲಿ, ಕ್ಯಾಲಿಫೋರ್ನಿಯಗಳ ವೈನಿನ ಕಥೆ ಶುರುವಾಗುವುದು ಹಾಗೆ.

ಸನ್ಯಾಸಿಗಳದ್ದು ಇನ್ನೂ ಸೊಗಸಾದ ಕಥೆ. ಆರನೆಯ ಶತಮಾನದಲ್ಲಿ ಸಂತ ಬೆನೆಡಿಕ್ಟ್ ಮಠಗಳಿಗೆ ನಿಯಮಾವಳಿ ಬರೆದಾಗ 40ನೆಯ ಅಧ್ಯಾಯವನ್ನು ಕುಡಿತಕ್ಕೇ ಮೀಸಲಿಟ್ಟ. ದ್ರಾಕ್ಷಾರಸ ಸನ್ಯಾಸಿಗಳಿಗೆ ಸಲ್ಲದೆಂಬುದು ಅವನಿಗೆ ಗೊತ್ತು. ಆದರೆ ಈ ಕಾಲದ ಸನ್ಯಾಸಿಗಳನ್ನು ಒಪ್ಪಿಸುವುದು ಆಗದ ಮಾತು, ಆದ್ದರಿಂದ ಮಿತಿಯಾಗಿಯಾದರೂ ಕುಡಿಯೋಣ ಎಂದು ದಿನಕ್ಕೆ ಸುಮಾರು ಕಾಲು ಲೀಟರ್ ಕೊಟ್ಟ. ಬಿಸಿಲು, ಮೈಮುರಿಯುವ ಕೆಲಸ ಇದ್ದರೆ ಹಿರಿಯರು ಹೆಚ್ಚಿಸಬಹುದು ಎಂದೂ ಸೇರಿಸಿದ. ಮನುಷ್ಯರನ್ನು ಆಳಬಲ್ಲವನು ಬರೆಯುವ ಕಾನೂನು ಹೀಗಿರುತ್ತದೆ ಎಂದು ಅದನ್ನು ಓದಿದಾಗಲೆಲ್ಲ ಅನ್ನಿಸುತ್ತದೆ. ಅವನ ಮಠಪರಂಪರೆಯಲ್ಲೇ ಶಾಂಪೇನಿನ ಜೊತೆ ಹೆಸರು ಅಂಟಿಕೊಂಡ ಡೋಂ ಪೆರಿನ್ಯೋ ಬಂದ. ಬೆಲ್ಜಿಯಮ್ಮಿನ ಟ್ರ್ಯಾಪಿಸ್ಟ್ ಸನ್ಯಾಸಿಗಳು ಈಗಲೂ ಬಿಯರ್ ಮಾಡಿ ಮಠ ನಡೆಸುತ್ತಾರೆ.

ವಿಚಿತ್ರವೆಂದರೆ ಇದೇ ಕಥೋಲಿಕ ಸಭೆ ಶತಮಾನಗಳ ಕಾಲ ಪೂಜೆಯ ಬಟ್ಟಲನ್ನು ಪಾದ್ರಿಗೆ ಮಾತ್ರ ಉಳಿಸಿ, ಜನರಿಗೆ ರೊಟ್ಟಿಯನ್ನಷ್ಟೇ ಕೊಟ್ಟಿತು. 1415ರ ಕಾನ್‌ಸ್ಟನ್ಸ್ ಮಹಾಸಭೆ ಅದನ್ನೇ ಕಾನೂನಾಗಿಸಿತು. ಬೊಹೆಮಿಯದ ಯಾನ್ ಹುಸ್ ಎಂಬ ಸುಧಾರಕನನ್ನು ಸುಟ್ಟದ್ದೂ ಅದೇ ವರ್ಷ, ಅದೇ ಊರಿನಲ್ಲಿ. ಅವನ ಅನುಯಾಯಿಗಳು ನಮಗೂ ಬಟ್ಟಲು ಬೇಕು ಎಂದು ಬಟ್ಟಲಿನ ಚಿತ್ರವನ್ನೇ ಬಾವುಟಕ್ಕೇರಿಸಿ ವರ್ಷಗಟ್ಟಲೆ ಯುದ್ಧ ಮಾಡಿದರು. ಒಂದು ಗುಟುಕಿನ ಹಕ್ಕಿಗಾಗಿ!

ಇನ್ನು ಪ್ರಾಟೆಸ್ಟೆಂಟರು ಮೊದಲಿನಿಂದಲೂ ಮಾಸ್ಟ್ರಂತೆ ಇದ್ದರೇ? ಇಲ್ಲವೇ ಇಲ್ಲ. ಪ್ರಾಟೆಸ್ಟೆಂಟ್ ಪಂಥದ ಮೂಲಪುರುಷ ಲೂಥರನ ಹೆಂಡತಿ ಕಾಥರೀನ, ಮಠ ಬಿಟ್ಟು ಬಂದ ಸನ್ಯಾಸಿನಿ, ಮನೆಯಲ್ಲೇ ಬಿಯರ್ ಕಾಯಿಸುತ್ತಿದ್ದಳು. ಜಿನೀವಾದ ಕಟ್ಟುನಿಟ್ಟಿನ ಕ್ಯಾಲ್ವಿನ್ನನ ಸಂಬಳದಲ್ಲಿ ಹಣ, ಗೋಧಿಯ ಜೊತೆ ವೈನಿನ ಪೀಪಾಯಿಗಳೂ ಸೇರಿದ್ದವು.

ಹಾಗಾದರೆ ನಡುವೆ ಆದದ್ದೇನು? ಜಿನ್ ಬಂತು. ನನ್ನ ಮಟ್ಟಿಗೆ ಈ ಜಗಳದ ಬೀಗದಕೈ ಇರುವುದು ಇಲ್ಲಿ. ಹದಿನೆಂಟನೆಯ ಶತಮಾನದ ಲಂಡನ್ನಿನಲ್ಲಿ ಭಟ್ಟಿಯಿಳಿಸಿದ ಅಗ್ಗದ ಜಿನ್ ಬೀದಿಬೀದಿಯಲ್ಲಿ ಹರಿಯಿತು. 1751ರಲ್ಲಿ ಹೊಗಾರ್ತ್ ಎಂಬ ಕಲಾವಿದ ಎರಡು ಚಿತ್ರ ಅಚ್ಚುಹಾಕಿಸಿದ. ಬಿಯರಿನ ಬೀದಿಯಲ್ಲಿ ಜನ ದುಂಡಗೆ, ನಗುನಗುತ್ತ ಇದ್ದಾರೆ. ಜಿನ್ನಿನ ಬೀದಿಯಲ್ಲಿ ಮತ್ತೇರಿದ ತಾಯಿಯ ಕೈಯಿಂದ ಮಗು ಜಾರಿ ಬೀಳುತ್ತಿದೆ. ಮೆಥೊಡಿಸ್ಟರ ಜಾನ್ ವೆಸ್ಲಿ 1743ರಲ್ಲೇ ತನ್ನವರಿಗೆ ಭಟ್ಟಿಯ ಮದ್ಯವನ್ನು ಮಾರಬಾರದು, ಕೊಳ್ಳಬಾರದು, ತೀರಾ ಅಗತ್ಯವಿಲ್ಲದೆ ಕುಡಿಯಬಾರದು ಎಂದು ನಿಯಮ ಮಾಡಿದ್ದ. ಅವನ ಸಿಟ್ಟು ಭಟ್ಟಿಯ ಮೇಲೆ, ಬಳ್ಳಿಯ ಮೇಲಲ್ಲ. 1832ರಲ್ಲಿ ಪ್ರೆಸ್ಟನ್ ಊರಿನ ಚೀಸ್ ವ್ಯಾಪಾರಿ ಜೋಸೆಫ್ ಲಿವ್ಸಿ ಮತ್ತು ಸಂಗಡಿಗರು ಇನ್ನೊಂದು ಹೆಜ್ಜೆ ಹೋಗಿ, ಯಾವ ಮದ್ಯವನ್ನೂ ಮುಟ್ಟೆವು ಎಂದು ಸಹಿ ಹಾಕಿದರು. ಕೂಲಿ ಸಿಕ್ಕ ಸಂಜೆಯೇ ಕೂಲಿ ಕರಗುವುದನ್ನು ಕಂಡವರು ಅವರು. ಅವರ ಕಣ್ಣೆದುರು ಇದ್ದದ್ದು ಕಾನಾದ ಬಾನಿಯಲ್ಲ. ಬಾನಿಯಲ್ಲಿದ್ದದ್ದು ರಸ ಎಂದು ವಾದಿಸಿದವರ ಪಾಂಡಿತ್ಯ ಕಳಪೆ, ಒಪ್ಪಿದೆ. ಅವರ ಕರುಳು ಕಳಪೆಯದಲ್ಲ.

ಇದೇ ಗಾಳಿಯಲ್ಲಿ ಬೆಳೆದವರು ಅಮೆರಿಕದ ನ್ಯೂಜೆರ್ಸಿಯ ಹಲ್ಲಿನ ವೈದ್ಯ ಥಾಮಸ್ ವೆಲ್ಚ್. ಮೆಥೊಡಿಸ್ಟರು. ಕುಡಿಯಬೇಡಿ ಎನ್ನುವ ಚರ್ಚು ಪ್ರಭುಭೋಜನದಲ್ಲಿ ತಾನೇ ಕುಡಿಸುವುದು ಅವರಿಗೆ ಸರಿಕಾಣಲಿಲ್ಲ. ಪಾಶ್ಚರ್ ಆಗಷ್ಟೇ ತೋರಿಸಿಕೊಟ್ಟಿದ್ದ ವಿಧಾನವನ್ನು ಹಿಡಿದು, 1869ರಲ್ಲಿ ದ್ರಾಕ್ಷಿರಸವನ್ನು ಬಾಟಲಿಗೆ ತುಂಬಿ ಬಿಸಿನೀರಿನಲ್ಲಿ ಕಾಯಿಸಿದರು. ರಸ ಹುಳಿಬರದೆ ನಿಂತಿತು. ಚರ್ಚುಗಳು ಮೊದಲು ಮೂಸಿಯೂ ನೋಡಲಿಲ್ಲ. ಮಗ ಚಾರ್ಲ್ಸ್ ಅದನ್ನು ದೊಡ್ಡ ವ್ಯಾಪಾರವಾಗಿ ಬೆಳೆಸಿದ. ವೆಲ್ಚ್ ಬಳಸಿದ್ದು ಕಾಂಕರ್ಡ್ ದ್ರಾಕ್ಷಿ. ಅದು ಅಮೆರಿಕದ ಲಾಬ್ರುಸ್ಕಾ ಕುಲದ್ದು. ಬಾಯಮ್ಮನ ಜಾಡಿಗೆ ಬೀಳುತ್ತಿದ್ದ ನಮ್ಮ ಚಿಕ್ಕಬಳ್ಳಾಪುರ, ದೊಡ್ಡಬಳ್ಳಾಪುರದ ಕಡೆಯ ಬೆಂಗಳೂರು ಬ್ಲೂ ಕೂಡ ಅದೇ ಕುಲದ ನಂಟಿನದು. ಒಂದೇ ವಂಶದ ಹಣ್ಣು, ಒಂದು ಕಡೆ ಮದ್ಯವಿರೋಧಿಗಳ ಸಾಕ್ಷಿ, ಇನ್ನೊಂದು ಕಡೆ ಬಾಯಮ್ಮನದು.

ಮನೆಮನೆಯ ವ್ರತ ಸರಕಾರದ ಕಾನೂನಾದಾಗ ಮಾತ್ರ ಕಥೆ ಕೆಟ್ಟಿತು. ಅಮೆರಿಕ 1920ರಿಂದ 1933ರವರೆಗೆ ಪಾನನಿಷೇಧ ಹೇರಿ, ಕಳ್ಳಸಾಗಣೆಗಾರರನ್ನು ಬೆಳೆಸಿ, ಕೈಬಿಟ್ಟಿತು. ಪೂಜೆಯ ವೈನಿಗೆ ಕೊಟ್ಟ ವಿನಾಯಿತಿಯೂ ದುರುಪಯೋಗವಾಯಿತು. ನಮ್ಮಲ್ಲಿ ನಾಗಾಲ್ಯಾಂಡ್ 1989ರಲ್ಲಿ ಬ್ಯಾಪ್ಟಿಸ್ಟ್ ಸಭೆಗಳ ಒತ್ತಾಯದಿಂದ ನಿಷೇಧ ತಂದಿತು. ಪ್ರೆಸ್ಬಿಟೇರಿಯನ್ನರ ಮಿಜೋರಾಂ ನಿಷೇಧಿಸಿ, ಸಡಿಲಿಸಿ, 2019ರಲ್ಲಿ ಮತ್ತೆ ಬಿಗಿಮಾಡಿತು. ಅದೇ ರಾಜ್ಯದ ಚಂಫೈ ಕಡೆಯ ರೈತರು ಬೆಳೆಯುವುದು ದ್ರಾಕ್ಷಿ! ಹಾಗೆಂದು ನಿಷೇಧದ ಮಾತನ್ನು ಪೂರಾ ನಗೆಗೆ ದೂಡಲು ನನಗೆ ಮನಸ್ಸಿಲ್ಲ. 2007ರ ಜುಲೈಯಲ್ಲಿ ಕರ್ನಾಟಕದಲ್ಲಿ ಸಾರಾಯಿ ನಿಂತಾಗ ನಿಟ್ಟುಸಿರು ಬಿಟ್ಟ ಹೆಂಗಸರಿಗೆ ಲಿವ್ಸಿ ಯಾರೆಂದು ಗೊತ್ತಿರಲಿಲ್ಲ. ಲಿವ್ಸಿಗೆ ಗೊತ್ತಿದ್ದದ್ದು ಅವರಿಗೆ ಗೊತ್ತಿತ್ತು.

ಪೌಲನು ರೋಮಾಪುರದವರಿಗೆ ಬರೆದ ಪತ್ರದಲ್ಲಿ ಒಂದು ಸಲಹೆಯಿದೆ: ನೀನು ಕುಡಿಯುವುದರಿಂದ ನಿನ್ನ ಸಹೋದರ ಎಡವುವಂತಿದ್ದರೆ ಬಿಟ್ಟುಬಿಡು. ತಿಮೊಥೆಯನಿಗೆ ಸ್ವಲ್ಪ ಕುಡಿ ಎಂದವನೂ ಇವನೇ. ಎರಡನ್ನೂ ಒಟ್ಟಿಗಿಟ್ಟು ಓದಿದರೆ ಈ ವಿಷಯದಲ್ಲಿ ಇಷ್ಟು ಹದವಾಗಿ ಮಾತಾಡಿದವರು ಇನ್ನೊಬ್ಬರಿಲ್ಲ ಅನ್ನಿಸುತ್ತದೆ. ಕಥೋಲಿಕ ಸಭೆಯೂ ಕೊನೆಗೆ ಈ ಹದಕ್ಕೆ ಬಂದಿದೆ. ಕುಡಿತದ ಚಟಕ್ಕೆ ಸಿಕ್ಕಿ, ಒಂದು ಗುಟುಕೂ ಅಪಾಯವಾಗುವಂಥ ಪಾದ್ರಿಗಳಿದ್ದಾರೆ. ಅವರು ದಿನಾ ಬಟ್ಟಲೆತ್ತಬೇಕು. ಅಂಥವರು ಹುಳಿಬರುವುದನ್ನು ಶುರುವಿನಲ್ಲೇ ತಡೆದ ದ್ರಾಕ್ಷಿರಸವನ್ನು ಬಳಸಬಹುದು ಎಂದು ವ್ಯಾಟಿಕನ್ 2003ರಲ್ಲಿ ಪತ್ರ ಬರೆದು ತಿಳಿಸಿತು. ಅದಕ್ಕೆ ಮುಸ್ತುಮ್ ಎನ್ನುತ್ತಾರೆ. ಬಿಷಪ್ಪರ ಅಪ್ಪಣೆ ಪಡೆದಿರಬೇಕು, ಅಷ್ಟೇ.