ಕಾರಿನ ಅಲಂಕಾರ

ಕಾರನ್ನು ಚೆನ್ನಾಗಿ ನಡೆಸಬಲ್ಲೆನೆಂಬ ಭ್ರಮೆಯಿಲ್ಲದ ಗಂಡಸು ಬೆಂಗಳೂರಿನಲ್ಲಿ ಸಿಗುವುದು ದುರ್ಲಭ. ನನಗೂ ಅದು ಇದ್ದಿತು. ಶ್ರೀಪೆರುಂಬುದೂರಿನ ಬಳಿಯ ಮೋಟಾರು ಪಂದ್ಯದ ಟ್ರ್ಯಾಕಿನಲ್ಲಿ ಹಣ ತೆತ್ತವರು ತಮ್ಮ ತಮ್ಮ ಕಾರುಗಳನ್ನೇ ಓಡಿಸಬಹುದಾದ ದಿನಗಳುಂಟೆಂದು ಭಾವಮೈದುನನು ಹೇಳಿದಾಗ ಕೂಡಲೇ ಒಪ್ಪಿದೆನು. ಒಪ್ಪಿದವನು ಮಾಡಿದ ಮೊದಲ ಕೆಲಸವೆಂದರೆ, ಸಂಬಳದ ಹಿಂಬಾಕಿಯಲ್ಲಿ ಎಂಬತ್ತು ಸಾವಿರ ರೂಪಾಯಿಗಳನ್ನು ಅಗಲವಾದ ಟೈರುಗಳಿಗೂ ಗುಡುಗುವ ಸೈಲೆನ್ಸರಿಗೂ ಸುರಿದದ್ದು. ಅದು ಅಡಿಗೆಮನೆಯ ದುರಸ್ತಿಗೆಂದು ಎತ್ತಿಟ್ಟಿದ್ದ ಹಣ. ನನ್ನಾಕೆಗೆ, "ಟೈರು ಸವೆದಿತ್ತು," ಎಂದಷ್ಟೇ ಹೇಳಿದೆನು. ಪ್ರಬಂಧ ಬರೆಯಲು ಬಾರದೆ ನುಣುಪು ಕಾಗದ ಕೊಳ್ಳುವ ವಿದ್ಯಾರ್ಥಿಗಳನ್ನು ನಾನು ಎಷ್ಟು ಬಾರಿ ಗದರಿಲ್ಲ!

1990ರಲ್ಲಿ ಆರಂಭವಾದ ಆ ಟ್ರ್ಯಾಕಿನ ಒಂದು ಸುತ್ತು ಸುಮಾರು 3.7 ಕಿಲೋಮೀಟರು; ತಿರುವುಗಳು 12. ಎರಡನೆಯ ಸುತ್ತಿನಲ್ಲಿಯೇ ಬಣ್ಣ ಮಾಸಿದ ಪುಟ್ಟ ಕಾರೊಂದು ತಿರುವು ತಿರುವಿನಲ್ಲಿಯೂ ನನ್ನ ಬೆನ್ನಿಗೆ ಅಂಟಿಕೊಂಡಿತು. ಪಕ್ಕದಿಂದ ನೀಲಿ ಬಾವುಟ ಬೀಸಿದರು. ದಾರಿ ಬಿಡೆಂದು ಅದರ ಅರ್ಥ. ಬಿಟ್ಟೆನು. ಅದನ್ನು ನಡೆಸುತ್ತಿದ್ದವಳು ನನ್ನ ವಿದ್ಯಾರ್ಥಿನಿಯರ ವಯಸ್ಸಿನ ಹುಡುಗಿ.

ಆರನೆಯ ಸುತ್ತಿನಲ್ಲಿ ಬ್ರೇಕಿನ ಪೆಡಲು, ನಾದಿದ ಹಿಟ್ಟಿನ ಮೇಲೆ ಕಾಲಿಟ್ಟಂತೆ, ತಳದವರೆಗೂ ಇಳಿಯಿತು. ಕಾರು ಟ್ರ್ಯಾಕನ್ನು ಬಿಟ್ಟು ಮಣ್ಣಿಗೆ ನುಗ್ಗಿ ನಿಂತಿತು.

ಅಲ್ಲಿನ ಶಿಕ್ಷಕನು ಕೋಲಾರದ ಕಡೆಯವನು. "ಬ್ರೇಕ್ ಆಯಿಲ್ ಬದಲಿಸಿ ಎಷ್ಟು ವರ್ಷವಾಯಿತು, ಮೇಷ್ಟ್ರೇ?" ಎಂದನು. ಕಾರನ್ನು ಕೊಂಡಂದಿನಿಂದ ಬದಲಿಸಿರಲಿಲ್ಲ. ಅದು ಗಾಳಿಯ ತೇವವನ್ನು ಹೀರಿಕೊಳ್ಳುತ್ತದೆಯಂತೆ. ಬಿಸಿಯೇರಿದಾಗ ಕುದಿದು ಗುಳ್ಳೆಯೇಳುತ್ತದೆ. ಪೆಡಲು ಒತ್ತಿದರೆ ಗುಳ್ಳೆ ಕುಗ್ಗುತ್ತದೆಯೇ ಹೊರತು ಬ್ರೇಕು ಹಿಡಿಯುವುದಿಲ್ಲ. ವೇಗ ಎರಡರಷ್ಟಾದರೆ ಬ್ರೇಕು ತಡೆಯಬೇಕಾದ ಶಕ್ತಿ ನಾಲ್ಕರಷ್ಟು. ಇದೇ ಬ್ರೇಕನ್ನು ನಂಬಿ, ಕಳೆದ ಬೇಸಗೆಯಲ್ಲಿ ಮಕ್ಕಳನ್ನು ಹಿಂದೆ ಕೂರಿಸಿಕೊಂಡು ನಾನು ಆಗುಂಬೆ ಘಾಟಿಯನ್ನು ಇಳಿದಿದ್ದೆನು. ಬಿಸಿಲಿನಲ್ಲಿಯೂ ಮೈ ತಣ್ಣಗಾಯಿತು.

ಮಧ್ಯಾಹ್ನ, ಆಯಿಲ್ ಬದಲಿಸಿದ ಮೇಲೆ, ಆತನೇ ನನ್ನ ಕಾರನ್ನು ನಡೆಸಿದನು. ಬ್ರೇಕು ಹಾಕುವುದೆಲ್ಲ ನೇರ ದಾರಿಯಲ್ಲಿಯೇ ಮುಗಿಯುತ್ತಿತ್ತು. ಕಣ್ಣು ಮುಂದಿನ ತಿರುವಿನಲ್ಲಿ. ಕೈಗೆ ಅವಸರವೇ ಇಲ್ಲ. ನಿಧಾನವಾಗಿ ಹೋಗುತ್ತಿದ್ದೇವೆಂದೇ ನನಗೆ ತೋರಿತು. ಗಡಿಯಾರ ಮಾತ್ರ ನನಗಿಂತ ಒಂಬತ್ತು ಸೆಕೆಂಡು ಕಡಮೆ ತೋರಿಸಿತು!

"ಟೈರು ಹೇಗಿದೆ?" ಎಂದು ನಾಚಿಕೆಗೆಟ್ಟು ಕೇಳಿದೆನು.

"ಒಳ್ಳೆಯದೇ. ಆದರೆ ಕಲಿಯುವವರಿಗೆ ಹಳೆಯದೇ ಮೇಲು, ಮೇಷ್ಟ್ರೇ. ತಪ್ಪು ಮಾಡಿದಾಗ ಅದು ಮೊದಲೇ ಕಿರುಚಿ ಹೇಳುತ್ತಿತ್ತು."

ಮನೆಗೆ ಬಂದು ನನ್ನಾಕೆಗೆ ಎಲ್ಲವನ್ನೂ ಹೇಳಿದೆನು. ಎಂಬತ್ತು ಸಾವಿರವನ್ನೂ, ಆಗುಂಬೆಯನ್ನೂ. ಆಕೆ ಬಹಳ ಹೊತ್ತು ಮಾತನಾಡಲಿಲ್ಲ. ಕೊನೆಗೆ, "ಆ ಬ್ರೇಕಿನ ಎಣ್ಣೆಗೆ ಎಷ್ಟಾಯಿತೂಂದ್ರೆ?" ಎಂದಳು.

"ಸಾವಿರದೊಳಗೆ."

ಸೈಲೆನ್ಸರನ್ನು ಮಾರಾಟಕ್ಕಿಟ್ಟಿದ್ದೇನೆ. ಭಾವಮೈದುನನು ಎರಡು ಬಾರಿ ಬಂದು ನೋಡಿಕೊಂಡು ಹೋಗಿದ್ದಾನೆ.