ಬಿನ್ಸ್ ರಸ್ತೆಯ ಪುಟ್ಟ ವಾಹನಗಳು

ಇಂಗ್ಲೆಂಡಿನ ಲಿವರ್‌ಪೂಲ್ ನಗರದಲ್ಲಿ ರೈಲಿನಿಂದ ಇಳಿದ ಪ್ರವಾಸಿಗರಲ್ಲಿ ಹೆಚ್ಚಿನವರು ಪಶ್ಚಿಮಕ್ಕೆ, ಮರ್ಸಿ ನದಿಯ ದಡದತ್ತ ನಡೆಯುತ್ತಾರೆ. ಹಳೆಯ ಹಡಗುಕಟ್ಟೆಗಳು ಇರುವುದು ಅತ್ತಲೇ. ಊರಿನ ಪೂರ್ವಕ್ಕಿರುವ ಬಿನ್ಸ್ ರಸ್ತೆಯನ್ನು ಕೇಳಿಕೊಂಡು ಹೋಗುವವರು ವಿರಳ. ಹೋದವರಿಗೂ ಅಲ್ಲಿ ಹಳೆಯ ಕಾರ್ಖಾನೆಯ ದರ್ಶನವಾಗದು. ಅದು ಎಂದೋ ನೆಲಸಮವಾಯಿತು. ಆದರೂ ಅಂಗೈಯಲ್ಲಿ ಅಡಗುವ ಮೋಟಾರುಗಳೂ ಲಾರಿಗಳೂ ದೇಶದೇಶಗಳ ಮಕ್ಕಳ ಕೈ ಸೇರಲು ಹೊರಟದ್ದು ಈ ರಸ್ತೆಯಿಂದಲೇ.

ಕಾರ್ಖಾನೆಯನ್ನು ಕಟ್ಟಿದ ಫ್ರಾಂಕ್ ಹಾರ್ನ್‌ಬಿಯವರು 1863ರಲ್ಲಿ ಇದೇ ಊರಿನಲ್ಲಿ ಜನಿಸಿದರು. ಮಾಂಸವನ್ನು ಆಮದು ಮಾಡುವ ವ್ಯಾಪಾರಿಯೊಬ್ಬರಲ್ಲಿ ಅವರಿಗೆ ಲೆಕ್ಕ ಬರೆಯುವ ಕೆಲಸ. ಮನೆಯಲ್ಲಿ ಮಕ್ಕಳಿಗಾಗಿ ತಗಡಿನ ಪಟ್ಟಿಗಳಿಗೆ ರಂಧ್ರ ಕೊರೆದು, ತಿರುಪುಗಳಿಂದ ಜೋಡಿಸುವ ಆಟಿಕೆಯೊಂದನ್ನು ರೂಪಿಸಿದರು. 1901ರಲ್ಲಿ ಅದಕ್ಕೆ ಪೇಟೆಂಟ್ ಪಡೆದರು. ಅದೇ ಮುಂದೆ ‘ಮೆಕ್ಯಾನೊ’ ಎಂದು ಹೆಸರಾಯಿತು. 1914ರ ವೇಳೆಗೆ ಬಿನ್ಸ್ ರಸ್ತೆಯ ಕಾರ್ಖಾನೆ ಎದ್ದು ನಿಂತಿತು. ಮೆಕ್ಯಾನೊದ ಬೆನ್ನಿಗೆ ಆಟಿಕೆಯ ರೈಲುಗಳು ಬಂದವು. ರೈಲು ಬಂದ ಮೇಲೆ ನಿಲ್ದಾಣದ ಮುಂದೆ ನಿಲ್ಲಲು ಗಾಡಿಗಳು ಬೇಡವೆ? 1933ರ ಕೊನೆಯಲ್ಲಿ ಆರು ಪುಟ್ಟ ವಾಹನಗಳು ಹೊರಬಿದ್ದವು. ಮರುವರ್ಷ ಅವುಗಳಿಗೆ ‘ಡಿಂಕಿ’ ಎಂಬ ಹೆಸರು ಬಂತು. ರೈಲಿಗೆ ಪರಿವಾರವಾಗಿ ಬಂದ ಗಾಡಿಗಳು ರೈಲನ್ನೇ ಮೀರಿಸುವಷ್ಟು ಜನಪ್ರಿಯವಾದವು.

ಆ ರೈಲುಗಳ ಅಳತೆಯಲ್ಲಿ ನಿಜವಾದ ಒಂದು ಅಡಿಗೆ ಏಳು ಮಿಲಿಮೀಟರ್. ಅಂದರೆ ಸುಮಾರು 43ರಲ್ಲಿ ಒಂದು ಪಾಲು. ಮೊದಲ ವಾಹನಗಳು ಈ ಲೆಕ್ಕಕ್ಕೆ ಕಟ್ಟುನಿಟ್ಟಾಗಿ ಒಳಪಟ್ಟಿರಲಿಲ್ಲವೆಂಬುದು ನಿಜ. ಆದರೆ ಇಂದಿಗೂ ಮಾದರಿ ಕಾರುಗಳನ್ನು ಕೂಡಿಡುವವರ ಲೋಕದಲ್ಲಿ 43 ಎಂಬ ಆ ವಿಚಿತ್ರ ಸಂಖ್ಯೆಯೇ ಚಲಾವಣೆಯಲ್ಲಿದೆ.

ತಯಾರಿಕೆಯ ಕ್ರಮ ನೋಡಲು ಸರಳ. ಕರಗಿದ ಲೋಹವನ್ನು ಉಕ್ಕಿನ ಅಚ್ಚಿನೊಳಗೆ ಒತ್ತಡದಿಂದ ನುಗ್ಗಿಸುವುದು, ತಣಿದ ಎರಕದ ಅಂಚುಗಳನ್ನು ತೆಗೆದು ನಯಗೊಳಿಸುವುದು, ಬಣ್ಣ ಬಳಿದು ಒಲೆಯ ಕಾವಿನಲ್ಲಿ ಗಟ್ಟಿಮಾಡುವುದು, ಚಕ್ರಗಳನ್ನು ಕೂಡಿಸುವುದು. ಆ ಲೋಹ ಸತುವು. ಅದರಲ್ಲಿ ನೂರಕ್ಕೆ ನಾಲ್ಕರಷ್ಟು ಅಲ್ಯೂಮಿನಿಯಂ, ಇನ್ನಷ್ಟು ಕಡಮೆ ತಾಮ್ರ, ಮೆಗ್ನೀಸಿಯಂ. ಈ ಮಿಶ್ರಣ ಶುದ್ಧವಾಗಿದ್ದರೆ ತಲೆಮಾರುಗಳ ಕಾಲ ಬಾಳುತ್ತದೆ. ಸೀಸದ ಅತ್ಯಲ್ಪ ಅಂಶ ಸೇರಿದರೂ ಕೇಡು ತಪ್ಪದು. ಎರಡನೆಯ ಮಹಾಯುದ್ಧಕ್ಕೆ ಮುಂಚಿನ ಎಷ್ಟೋ ವಾಹನಗಳಲ್ಲಿ ಆ ಕೇಡು ಸೇರಿಹೋಗಿತ್ತು.

ಅದರ ಪರಿಣಾಮ ಕೂಡಲೇ ಕಾಣಲಿಲ್ಲ. ಲೋಹದ ಕಣಕಣಗಳ ನಡುವಿನ ಸಂದುಗಳಲ್ಲಿ ತೇವವು ಮೆಲ್ಲನೆ ಕೆಲಸ ಮಾಡುತ್ತದೆ. ವರ್ಷಗಳು ಕಳೆದ ಮೇಲೆ ಬಣ್ಣದಡಿಯಲ್ಲಿ ಗುಳ್ಳೆ, ಆಮೇಲೆ ಕೂದಲೆಳೆಯಂಥ ಬಿರುಕು. ಗಾಡಿ ಉಬ್ಬುತ್ತದೆ, ಬೆನ್ನು ಬಾಗುತ್ತದೆ. ಕಡೆಗೊಂದು ದಿನ ಎತ್ತಿಕೊಂಡವರ ಬೆರಳುಗಳ ನಡುವೆಯೇ ಪುಡಿಯಾಗುತ್ತದೆ. ಮಕ್ಕಳು ಅಂಗಳದ ಮಣ್ಣಿನಲ್ಲಿ ಉರುಳಿಸಿ, ಮೆಟ್ಟಿಲಿನಿಂದ ಬೀಳಿಸಿದ ಗಾಡಿ ಒಳ್ಳೆಯ ಲೋಹದ್ದಾಗಿದ್ದರೆ ಮೈತುಂಬ ಗಾಯಗಳೊಂದಿಗೆ ಉಳಿದಿದೆ. ಹೊಸತರಂತೆಯೇ ಇರಲೆಂದು ಪೆಟ್ಟಿಗೆಯಿಂದ ಹೊರತೆಗೆಯದ ಗಾಡಿ ಕತ್ತಲಲ್ಲಿಯೇ ಸಾಯುತ್ತಿರಬಹುದು. ಈ ರೋಗಕ್ಕೆ ಮದ್ದಿಲ್ಲ.

ಮದ್ದಿಲ್ಲದಿದ್ದರೂ ಆರೈಕೆಯುಂಟು. ಇಂಗ್ಲೆಂಡಿನ ದಕ್ಷಿಣ ತೀರದ ಬ್ರೈಟನ್ನಿನಲ್ಲಿ, ರೈಲು ನಿಲ್ದಾಣದ ಅಡಿಯ ಕಮಾನುಗಳೊಳಗೆ, 1991ರಲ್ಲಿ ಆರಂಭವಾದ ಆಟಿಕೆಗಳ ವಸ್ತುಸಂಗ್ರಹಾಲಯವೊಂದಿದೆ. ಇಂಥ ಕಡೆಗಳಲ್ಲಿ ಗಾಜಿನ ಹಿಂದೆ ಸಾಲಾಗಿ ನಿಂತ ವಾಹನಗಳನ್ನು ಕಂಡವರಿಗೆ ಅವುಗಳ ಉಪಚಾರದ ಅರಿವಾಗುವುದು ಕಷ್ಟ. ಶಾಖ ಒಮ್ಮೆ ಏರಿ ಒಮ್ಮೆ ಇಳಿಯಬಾರದು, ತೇವ ಸುಳಿಯಬಾರದು, ಬಿಸಿಲು ತಾಕಿದರೆ ಬಣ್ಣ ಮಾಸುತ್ತದೆ. ರಬ್ಬರಿನ ಟೈರು ಗಾಡಿಯ ಭಾರಕ್ಕೆ ಚಪ್ಪಟೆಯಾಗದಂತೆ ಅಡಿಗೆ ಚಿಕ್ಕ ಆಧಾರವಿಡಬೇಕು. ಅಂದದ ಓಕ್ ಮರದ ಬೀರು ಸಹ ಶತ್ರುವೇ. ಅದರಿಂದ ಹೊಮ್ಮುವ ಆಮ್ಲದ ಆವಿ ಲೋಹವನ್ನು ತಿನ್ನುತ್ತದೆ. ಧೂಳನ್ನು ಮೃದುವಾದ ಕುಂಚದಿಂದಲೇ ತೆಗೆಯಬೇಕು. ದಸರೆಯ ಬೊಂಬೆಗಳನ್ನು ಹಳೆಯ ಸೀರೆಯ ತುಂಡಿನಲ್ಲಿ ಸುತ್ತಿ ಪೆಟ್ಟಿಗೆಗೆ ಸೇರಿಸುವ ಗೃಹಿಣಿಯರಿಗೆ ಈ ಜತನದ ಪರಿಚಯ ಮಾಡಿಕೊಡಬೇಕಾಗಿಲ್ಲ.

ಬಣ್ಣ ಕಿತ್ತ ಗಾಡಿಗೆ ಹೊಸ ಬಣ್ಣ ಬಳಿಯಬಹುದೆ? ಬಲ್ಲವರು ಒಪ್ಪುವುದಿಲ್ಲ. ಹಳೆಯ ಬಣ್ಣ ಚೂರಾಗಿ ಉಳಿದಿದ್ದರೂ ಅದಕ್ಕೇ ಬೆಲೆ. ಮೂಲದ ರಟ್ಟಿನ ಪೆಟ್ಟಿಗೆಯಿದ್ದರೆ ಇನ್ನೂ ಹೆಚ್ಚು. ಹಣದ ಮಾತನ್ನು ಬದಿಗಿಟ್ಟರೂ ಈ ಹಟ ಸರಿಯಾದದ್ದೇ. ಆ ಗಾಯಗಳನ್ನು ಮಾಡಿದ ಹುಡುಗನ ನೆನಪು ಹೊಸ ಬಣ್ಣದಡಿಯಲ್ಲಿ ಹೂತುಹೋಗುವುದಲ್ಲ!

ಹಾರ್ನ್‌ಬಿಯವರು 1936ರಲ್ಲಿ ತೀರಿಕೊಂಡರು. ಯುದ್ಧಾನಂತರ, 1947ರಲ್ಲಿ, ಎಂಟು ಗಾಲಿಯ ಫೋಡನ್ ಲಾರಿಯಂಥ ದೊಡ್ಡ ಮಾದರಿಗಳು ಬಂದವು. 1953ರಲ್ಲಿ ಲಂಡನ್ನಿನ ಮ್ಯಾಚ್‌ಬಾಕ್ಸ್, 1956ರಲ್ಲಿ ಕಿಟಕಿಗಳಿಗೆ ಪಾರದರ್ಶಕ ಹಾಳೆ ಕೂಡಿಸಿಕೊಂಡ ಕಾರ್ಗಿ ಎದುರಾಳಿಗಳಾದವು. 1964ರಲ್ಲಿ ಸಂಸ್ಥೆ ಬೇರೆಯವರ ಕೈಸೇರಿತು. 1979ರ ನವೆಂಬರ್ ತಿಂಗಳಲ್ಲಿ ಬಿನ್ಸ್ ರಸ್ತೆಯ ಬಾಗಿಲು ಮುಚ್ಚಿತು. ಕೆಲಸ ಕಳೆದುಕೊಂಡವರು ಕಾರ್ಖಾನೆಯನ್ನು ಬಿಟ್ಟು ಕದಲದೆ ಕೆಲಕಾಲ ಒಳಗೇ ಉಳಿದು ಪ್ರತಿಭಟಿಸಿದರು. ಬಾಗಿಲು ಮತ್ತೆ ತೆರೆಯಲಿಲ್ಲ.

ಆದರೆ ಅಲ್ಲಿನ ಕೆಲವು ಹಳೆಯ ಅಚ್ಚುಗಳು ಆ ವೇಳೆಗಾಗಲೇ ಸಮುದ್ರ ದಾಟಿದ್ದವು. ಅವನ್ನು ಕೊಂಡ ಕಲ್ಕತ್ತೆಯ ಸಂಸ್ಥೆಯೊಂದು ಅದೇ ಕಾರುಗಳನ್ನು ಎರಕಹೊಯ್ದು, ‘ನಿಕ್ಕಿ’ ಎಂಬ ಹೆಸರಿನಲ್ಲಿ ಭಾರತದ ಮಕ್ಕಳಿಗೆ ಮಾರಿತು. ಎರಕ ತುಸು ಒರಟು, ಬಣ್ಣ ದಪ್ಪ. ಇಂದು ಅವನ್ನೂ ಜನ ಹುಡುಕಿ ಕೊಳ್ಳುತ್ತಾರೆ. ಕೊಂಡವರು ಮೊದಲು ಮಾಡುವ ಕೆಲಸವೆಂದರೆ ಗಾಡಿಯನ್ನು ಬೋರಲು ಹಾಕಿ, ತಳದ ತಗಡಿನ ಮೇಲೆ ಹಳೆಯ ಹೆಸರಿನ ಅಕ್ಷರಗಳನ್ನು ಅಳಿಸಿದ ಗುರುತಿದೆಯೆ ಎಂದು ಬೆಳಕಿಗೆ ಹಿಡಿದು ನೋಡುವುದು.